ವೈಶಾಖದಾಗ ಉಣ್ಣಿ ಕೋಟು

ಪುಣೆ, ಲಷ್ಕರ
9 ಫೆಬ್ರುವರಿ 1936

ಚಿ. ಸೌ. ಕಾಶವ್ವಗ ಶಿವಪುತ್ರಪ್ಪನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಅದರ ಬೆನ್ನ ಹಿಂದ ಕರದಂಟಿನ ಡಬ್ಬಿನೂ ಮುಟ್ಟಿತು. ಕಳಸಬ್ಯಾಡ ಅಂತ ದೀಪಾವಳಿಗೆ ಊರಿಗೆ ಬಂದಾಗ ಬಾಯಿಬಿಟ್ಟ ಹೇಳಿದ್ದೆ. ಅಂಟು, ಬೆಲ್ಲ, ಉತ್ತತ್ತಿ ತಿಂದು ಕುಸ್ತಿ ಹಿಡಿಯೂದು ನನ್ನ ಕೆಲಸಲ್ಲ. ನನ್ನ ಜೋಡಿ ಖೋಲಿಯಾಗ ಇರೂ ಪ್ರಲ್ಹಾದ ಇಡೀ ಡಬ್ಬಿ ಖಾಲಿ ಮಾಡಿ ನಿನ್ನ ಕೈಯ ಗುಣ ಹೊಗಳಿದ. ಇನ್ನ ಮುಂದ ಕಳಸಬ್ಯಾಡ.

ಅಪ್ಪ ಕೇಳಿದ್ದರಂತ ಫೋಟೋ ಇಟ್ಟೀನಿ. ಮೈಮ್ಯಾಲ ಇರೂದು ಬಿಳಿ ಡ್ರಿಲ್ ಕೋಟು. ಇಲ್ಲಿ ಥಂಡಿ ಇನ್ನೂ ಬಿಟ್ಟಿಲ್ಲ, ಮುಂಜಾನೆ ಈ ತೆಳ್ಳನ ಕೋಟಿನಾಗ ಹಲ್ಲ ಕಟಕಟ ಅಂತಾವ. ಆದರ ನಮ್ಮ ಕಂಪನಿಯೊಳಗ ಈಗ ಇದನ್ನ ಹಾಕ್ಕೋಬೇಕು. ಹೋದ ಡಿಸೆಂಬರದಾಗ ರೇಷ್ಮಿ ಕಾಲರಿನ ಕರಿ ಕೋಟು ಇತ್ತು. ಸಾಹೇಬರ ಜೋಡಿ ಕೆಲಸ ಅಂದ್ರ ಹಿಂಗ.

ಬ್ಯಾರೆ ಖೋಲಿ ಹಿಡದು ನಿನ್ನ ಕರಸೂ ವಿಚಾರ ಬ್ಯಾಸಗಿ ಮುಗದ ಮ್ಯಾಲ ನೋಡೂಣು. ಅಪ್ಪಗ, ಸೋದರತ್ತಿ ಭೀಮವ್ವಗ ನಮಸ್ಕಾರ ಹೇಳು.

ಶಿವಪುತ್ರಪ್ಪ


ಗೋಕಾಕ
20 ಫೆಬ್ರುವರಿ 1936

ಯಜಮಾನರ ಪಾದಕ್ಕ ಕಾಶವ್ವನ ನಮಸ್ಕಾರ.

ಥಂಡಿಯೊಳಗ ತೆಳ್ಳನ ಕೋಟು ಹಾಕ್ಕೋರಿ ಅಂತ ಹೇಳೂ ಆ ಸಾಹೇಬ ಶಾಣ್ಯಾನೋ ಹುಚ್ಚನೋ? ನಮ್ಮೂರ ಕುರುಬರೂ ಶಿವರಾತ್ರಿ ತನಕ ಕಂಬಳಿ ಬಿಡೂದಿಲ್ಲ. ನಿಮಗ ಒಂದು ದಪ್ಪನ ಕೋಟು ಇಲ್ಲೇನ್ರಿ? ಇದ್ದರ ಹಾಕ್ಕೋರಿ. ಇಲ್ಲದಿದ್ದರ ಕಾಗದದಾಗ ಡೌಲು ಬರೀಬ್ಯಾಡ್ರಿ.

ಫೋಟೋ ಬಂದ ದಿನದಿಂದ ಮಾವನವರನ್ನ ಹಿಡಿಯಾಕ ಆಗವಲ್ಲದು. ಎದಿ ಕಿಸೆದಾಗ ಇಟಗೊಂಡು ಮಠಕ್ಕ ಹೋಗ್ತಾರ, ಹಜಾಮನ ಹತ್ತರ ಹೋಗ್ತಾರ, ಅವರ ಕೈಯಾಗ ಕನ್ನಡ ಸಾಲಿ ಕಲತವರು ಯಾರು ಸಿಕ್ಕರೂ ನಿಂದ್ರಿಸಿ ತೋರಸ್ತಾರ. "ನಮ್ಮ ಶಿವಪುತ್ರ ಈಗ ಹೆಡ್ ಕ್ಲಾರ್ಕ" ಅಂತಾರ. ಅಷ್ಟು ಖುಷಿ ಅವರ ಮಾರಿಯಾಗ ನಿಮ್ಮ ಅವ್ವ ತೀರಿಕೊಂಡ ಮ್ಯಾಲ ನಾ ನೋಡಿದ್ದಿಲ್ಲ.

ಕರದಂಟು ಬ್ಯಾಡಂದ್ರ ಬ್ಯಾಡ. ನನ್ನ ಕೈ ಅಡಿಗಿ ಬ್ಯಾಡಾಗೇದ ಅಂತ ನೆಟ್ಟಗ ಹೇಳ್ರಿ. ಹೋದ ವರ್ಷ "ಮಳಿಗಾಲ ಮುಗೀಲಿ" ಅಂದ್ರಿ. ಆಮ್ಯಾಲ "ಥಂಡಿ ಹೋಗಲಿ" ಅಂದ್ರಿ. ಈಗ ಬ್ಯಾಸಗಿ. ವರ್ಷಕ್ಕ ಮೂರ ಕಾಲ ಅದಾವ, ನಾಕನೇದ್ದು ಎಲ್ಲಿಂದ ತರತೀರಿ ನೋಡತೀನಿ.

ಕಾಶವ್ವ


ಪುಣೆ, ಲಷ್ಕರ
27 ಏಪ್ರಿಲ್ 1936

ಚಿ. ಸೌ. ಕಾಶವ್ವಗ ಆಶೀರ್ವಾದ.

ಎರಡು ತಿಂಗಳಾದ ಮ್ಯಾಲ ಬರೀತಿದ್ದೀನಿ, ಸಿಟ್ಟಾಗಬ್ಯಾಡ. ಕೆಲಸ ಭಾಳ ಅದ. ಈ ತಿಂಗಳದಾಗ ಸಾಹೇಬರು ರಜಾ ತಗೊಂಡು ವಿಲಾಯತಿಗೆ ಹೊಂಡತಾರ. ಹಡಗದ ಮ್ಯಾಲ, ಆಮ್ಯಾಲ ಅವರ ದೇಶದಾಗ ಥಂಡಿ. ಅದಕ್ಕ ನನಗೂ ಈಗ ಉಣ್ಣಿ ಕೋಟು, ಕಂದು ಬಣ್ಣದ್ದು, ಮೈಗೆ ಚುಚ್ಚತದ. ಹತ್ತ ಹೊಡಿಯೂದರಾಗ ಒಳಗಿನ ಅಂಗಿ ಹಿಂಡಿದರ ನೀರು ಬೀಳತದ.

ಅಪ್ಪನ ಬಾಯಾಗ ಹೆಡ್ ಕ್ಲಾರ್ಕ ಅಂತ ಮಾತು ಹ್ಯಾಂಗ ಬಂತು? ನಾ ಹಂಗ ಎಲ್ಲಿ ಬರದೀನಿ? ಕಂಪನಿಯೊಳಗ ಕೆಲಸ ಅಂತ ಅಷ್ಟ ಬರದೀನಿ. ಅವರಿಗೆ ಚಾಳೀಸು ಬಂದದ, ಅಕ್ಷರ ಕಾಣೂದಿಲ್ಲ, ನನ್ನ ಪತ್ರ ಅವರಿಗೆ ಓದಿ ಹೇಳಾಕಿ ನೀನ. ನೆಟ್ಟಗ ಓದು.

ಖೋಲಿ ಹುಡಕಾಕತ್ತೀನಿ. ಮಳಿ ಸುರುವಾಗಲಿ.

ಶಿವಪುತ್ರಪ್ಪ


ಗೋಕಾಕ
6 ಮೇ 1936

ಯಜಮಾನರಿಗೆ ನಮಸ್ಕಾರ.

ಮಳಿ ಸುರುವಾಗಲಿ ಅಂತ ನೀವು ಬರದೀರಿ, ಇಲ್ಲಿ ನನ್ನ ತಲಿಯಾಗ ಬೆಂಕಿ ಸುರುವಾಗೇದ.

ಸಾಹೇಬರು ವಿಲಾಯತಿಗೆ ಹೋದರ ನಿಮಗ್ಯಾಕ್ರೀ ಉಣ್ಣಿ ಕೋಟು? ನೀವೂ ಹಡಗ ಹತ್ತವರೇನು? ವೈಶಾಖದಾಗ ನಮ್ಮ ಎತ್ತಿನ ಮ್ಯಾಲ ಜೂಲು ಹಾಕಿದರ ಅದು ಸೈತ ಝಾಡಿಸಿ ಒಗೀತದ. ಭೀಮವ್ವ ಅತ್ತಿ ಕೇಳಿ, "ಗಂಡಸು ಕಾಲಕ್ಕೊಂದು ಕೋಟು ಹಾಕ್ಕೊಳ್ಳಾಕ ಹತ್ತಿದ ಅಂದ್ರ ಯಾವಾಕಿಗೋ ಚಂದ ಕಾಣಬೇಕಾಗೇದ" ಅಂದರು. ನಾ ನಕ್ಕೆ. ನಕ್ಕು ಒಳಗ ಹೋಗಿ ಒಲಿ ಮುಂದ ಕುಂತೆ. ಹೊಗಿಗೆ ಕಣ್ಣಾಗ ನೀರು ಬಂತು ಅಂತ ಇಟಗೋರಿ.

ಹೆಂಡತಿಗೆ ಖೋಲಿ ಇಲ್ಲ, ಮೈಗೆ ಮಾತ್ರ ಇಷ್ಟು ಕೋಟು. ಹ್ಯಾಂಗ ತಿಳಕೋಲಿ ಹೇಳ್ರಿ.

ಮಾವನವರು ನಿಮ್ಮನ್ನ ನೋಡಾಕ ಪುಣೆಕ್ಕ ಬರಾಕತ್ತಾರ. ನಾ ಬ್ಯಾಡ ಅನ್ನಲಿಲ್ಲ. 16ನೇ ತಾರೀಖು ಶನಿವಾರ ಗಾಡಿಯಿಂದ ಇಳೀತಾರ. ಸ್ಟೇಶನ್ನಿಗೆ ಹೋಗ್ರಿ. ನಿಮ್ಮ ಕಂಪನಿಯ ಹೆಸರು ಒಂದು ಚೀಟಿಯಾಗ ದಪ್ಪ ಅಕ್ಷರದಾಗ ಬರದು ಕೊಟ್ಟೀನಿ. ಅವರು ಬಂದು ನೋಡಿ ಹೇಳಿದ್ದನ್ನ ನಾ ನಂಬತೀನಿ, ಕಾಗದ ಅಲ್ಲ.

ಕಾಶವ್ವ


ಪುಣೆ, ಲಷ್ಕರ
18 ಮೇ 1936

ಚಿ. ಸೌ. ಕಾಶವ್ವಗ,

ಅಪ್ಪ ಬರಲಿಲ್ಲ. ಶನಿವಾರ ಅರ್ಧಾ ದಿನ ರಜಾ ಬೇಡಿ, ನಮ್ಮ ಮಾಲಕ ಸೇಠಜಿಯ ಕೈಲೆ ಬೈಸಿಕೊಂಡು, ಸ್ಟೇಶನ್ನಿಗೆ ಹೋಗಿ ನಿಂತೆ. ಮಿರಜದ ಗಾಡಿ ಬಂತು, ಇಳದವರ ರುಮಾಲು ಒಂದೊಂದ ನೋಡಿದೆ. ಆಮ್ಯಾಲಿನ ಗಾಡಿಗೂ ನಿಂತೆ. ರವಿವಾರ ಹೊಳ್ಳಿ ಹೋದೆ. ಇಲ್ಲ.

ಬರೂದು ರದ್ದಾಗಿದ್ದರ ತಾರು ಮಾಡಬೇಕಿತ್ತು. ಮುದಕರು ಎಲ್ಲಿ ಇಳದರೋ, ಎಲ್ಲಿ ಬಿದ್ದರೋ ಅಂತ ಸ್ಟೇಶನ್ ಮಾಸ್ತರನ್ನೂ ಕೇಳಿ ಬಂದೆ. ನಿಮಗ ಅಲ್ಲಿ ಕುಂತು ಹೇಳೂದು ಸಸಾರ. ಈ ಪತ್ರ ಸಿಕ್ಕ ಕೂಡಲೆ ಅಪ್ಪ ಹ್ಯಾಂಗ ಅದಾರ ಬರಿ.

ಯಾವಾಕಿನೂ ಇಲ್ಲ. ಭೀಮವ್ವ ಅತ್ತಿಗೂ ಹೇಳು.

ಶಿವಪುತ್ರಪ್ಪ


ಗೋಕಾಕ
19 ಮೇ 1936

ಯಜಮಾನರ ಪಾದಕ್ಕ ಕಾಶವ್ವನ ಸಾವಿರ ನಮಸ್ಕಾರ.

ಮಾವನವರು ನಿನ್ನೆ ಸಂಜಿಕೆ ಆರಾಮ ಬಂದು ಮುಟ್ಟಿದರು. ಹೋದ ಪತ್ರದಾಗ ಬರದ ಕೆಟ್ಟ ಮಾತು ಹೊಟ್ಟಿಗೆ ಹಾಕ್ಕೋರಿ. ಅವರು ಎಲ್ಲಾ ಹೇಳಿದರು. ನೀವು ಗಾಡಿಯಿಂದ ಕೈ ಹಿಡದು ಇಳಿಸಿಕೊಂಡದ್ದು, ಟಾಂಗಾದಾಗ ಕರಕೊಂಡು ಹೋದದ್ದು, ಖಾನಾವಳಿಯಾಗ ತುಪ್ಪ ಹಾಕಿಸಿ ಪುರಣಪೋಳಿ ಉಣಿಸಿದ್ದು. ಆಫೀಸದಾಗ ನಿಮ್ಮ ಮೇಜಿನ ಮ್ಯಾಲ ಬೀಸಣಿಕಿ ತಿರಗತದಂತ. ಸಾಹೇಬ ಎದ್ದು ನಿಂತು ಮಾವನವರಿಗೆ ನಮಸ್ಕಾರ ಮಾಡಿದನಂತ. ಇಷ್ಟೆಲ್ಲಾ ಹೇಳಿ ಅವರು ಉಣ್ಣದನ ಮಲಗಿದರು, ದಣಿದಿದ್ದರು.

ಒಂದು ಮಾತು ಮಾತ್ರ ಕೇಳತೀನಿ, ಜಗಳಲ್ಲ. ನಿಮ್ಮ ಖೋಲಿಗೆ ಎರಡು ಕಿಡಕಿ ಅದಾವಂತ, ಹಿಂದ ಒಲಿ ಹೂಡಾಕ ಜಾಗಾನೂ ಅದಂತ ಮಾವನವರ ಅಂದರು. ಹಂಗಿದ್ದ ಮ್ಯಾಲ ನಾ ಇಲ್ಲ್ಯಾಕ ಅದೀನ್ರಿ?

ಕಾಶವ್ವ


ಪುಣೆ, ಲಷ್ಕರ
24 ಮೇ 1936

ಕಾಶವ್ವ,

ನಿಮಗ ಎಲ್ಲಾರಿಗೂ ಏನಾಗೇದ? ಯಾವ ಟಾಂಗಾ? ಯಾವ ಪುರಣಪೋಳಿ? ಕಿಡಕಿ ಯಾವದು? ನನ್ನ ಖೋಲಿಯಾಗ ಐದು ಮಂದಿ ಇರತೀವಿ, ಗಾಳಿ ಬೇಕಂದ್ರ ಬಾಗಲಾ ತಗೀಬೇಕು. ಅಪ್ಪನ್ನ ನಾ ದೀಪಾವಳಿಯಿಂದ ನೋಡೇ ಇಲ್ಲ!

ಅವರನ್ನ ಕೂಡ್ರಿಸಿ ಕೇಳು. ಪುಣೆಕ್ಕ ಬಂದಿದ್ದರೋ ಇಲ್ಲೋ. ಬಂದಿದ್ದರ ಯಾರ ಕೈ ಹಿಡದು ಇಳದರು. ನೆಟ್ಟಗ ಕೇಳಿ, ನೆಟ್ಟಗ ಬರಿ. ನನ್ನ ಜೀವ ಜೀವದಾಗಿಲ್ಲ.

ಶಿವಪುತ್ರಪ್ಪ


ಗೋಕಾಕ
2 ಜೂನ್ 1936

ಯಜಮಾನರಿಗೆ,

ಕೇಳಿದೆ. ಕೇಳಬಾರದಿತ್ತು ಅನಸ್ತದ, ಕೇಳಿದ್ದು ಚಲೋ ಆತು ಅಂತಲೂ ಅನಸ್ತದ. ನಡದದ್ದು ನಡದಂಗ ಬರೀತೀನಿ.

ಮಾವನವರು ಹಿತ್ತಲದಾಗ ಒಣಗಿದ ರುಮಾಲು ಮಡಚಲಿಕ್ಕತ್ತಿದ್ದರು. ನಾ ಹೋಗಿ, "ಮಾವಾರ, ನಿಮ್ಮ ಮಗ ನಿಮ್ಮನ್ನ ಕಂಡೇ ಇಲ್ಲಂತ ಬರದಾರ" ಅಂದೆ.

ಅವರು ಮಡಚೂದು ಬಿಡಲಿಲ್ಲ. "ಅಂವ ಕಂಡಿಲ್ಲ. ನಾ ಕಂಡೀನಿ" ಅಂದರು.

ಅರಿವಿ ಅಂಗಡಿ ಬಾಳಕೃಷ್ಣ ಶುಕ್ರವಾರ ಪುಣೆಕ್ಕ ಹೊಂಟಿದ್ದ, ರಾತ್ರಿ ಮಠದಾಗ ಇದ್ದು ನಾಳೆ ಹೊಂಡತೀನಿ ಅಂತ ನನಗ ಹೇಳಿ ಹೋದ ಮಾವನವರು ಜೋಡಿ ಆಗತದಂತ ಒಂದು ದಿನ ಮೊದಲ ಗಾಡಿ ಹತ್ತಿದರಂತ. ನಿಮ್ಮನ್ನ ಚಕಿತ ಮಾಡಬೇಕು ಅಂತಲೂ ಮನಸಿನಾಗ ಇತ್ತಂತ. ಚೀಟಿ ತೋರಿಸಿ ಲಷ್ಕರದ ದೊಡ್ಡ ರಸ್ತಾಕ್ಕ ಹೋದರಂತ. ಅದು ಆಫೀಸಲ್ಲ, ಕೋಟಿನ ಅಂಗಡಿ. ಎದುರಿನ ಗಿಡದ ಬುಡಕ ನಿಂತು ನೋಡಿದರಂತ.

"ಅಕ್ಷರ ಕಾಣೂದಿಲ್ಲವಾ, ದೂರದ್ದು ನನಗ ಚಲೋ ಕಾಣತದ" ಅಂದರು. "ಆ ಬಿಸಲಾಗ ಕಂಬಳಿಯಂಥಾ ಕೋಟು ಹಾಕ್ಕೊಂಡು ಬಾಗಲದಾಗ ನಿಂತಿದ್ದ. ಒಬ್ಬ ಸಾಹೇಬ ಬಂದ. ಇವನ ಹೆಗಲ ಹಿಡದು ತಿರಗಿಸಿದ. ಬೆನ್ನು ನೋಡಿದ, ತೋಳು ಎಳದ ನೋಡಿದ, ಹೊಳ್ಳಿ ತಿರಗಿಸಿದ. ಸಂತ್ಯಾಗ ಹೋರಿ ನೋಡತಾರಲ್ಲ, ಹಂಗ. ಮಾತು ಮಾತ್ರ ಒಂದೂ ಇವನ ಜೋಡಿ ಇಲ್ಲ, ಎಲ್ಲಾ ಸೇಠನ ಜೋಡಿ. ಹಣಿ ಮ್ಯಾಲಿಂದ ಬೆವರು ಇಳೀತಿತ್ತು, ಒರಿಸಿಕೊಳ್ಳಲಿಲ್ಲ. ನಾ ಒಳಗ ಹೋದರ ಅಂವ ತಲಿ ತಗ್ಗಿಸ್ತಾನ ಅನಿಸಿತು. ಅದಕ್ಕ ಹೊಳ್ಳಿ ಬಂದೆ."

"ಹಂಗಿದ್ದರ ಸೋಮವಾರ ತನಕ ಎಲ್ಲಿದ್ದಿರಿ?" ಅಂದೆ.

"ಮಿರಜದ ಧರ್ಮಶಾಲಿಯಾಗ. ಲಗೂ ಬಂದರ ನೀ ಯಾಕಂತ ಕೇಳತಿದ್ದಿ."

ಕೇಳಿದಿರಲ್ಲ? ಆ ವಯಸ್ಸಿನಾಗ, ಚುರಮುರಿ ತಿಂದು ಧರ್ಮಶಾಲಿ ಕಟ್ಟಿ ಮ್ಯಾಲ ಬಿದ್ದಿದ್ದರು, ನನಗ ಸುಳ್ಳು ನೆಟ್ಟಗ ಹೊಂದಲಿ ಅಂತ! ನನಗ ಸಿಟ್ಟು ತಡೀಲಿಲ್ಲ. ಹಿರಿಯರ ಮುಂದ ದನಿ ಎತ್ತಿದೆ. "ಯಾಕ್ರೀ ಮಾವಾರ ಪುರಣಪೋಳಿ, ಬೀಸಣಿಕಿ ಅಂತ ಹೇಳಿದ್ರಿ? ನಾ ಎಲ್ಲಾ ನಂಬಿ ಆಣಿ-ಪ್ರಮಾಣದಂಗ ಅವರಿಗೆ ಬರದೆನಲ್ಲ!"

ಆಗ ಅವರು ನನ್ನ ಮಾರಿ ನೋಡಿ, "ನೀ ಅವನ ಪತ್ರ ಓದುವಾಗ ಕೂಡಿಸಿ ಓದತಿದ್ದೆಲ್ಲವಾ, ಸಾಹೇಬರು ಹೊಗಳಿದರು, ಬಡತಿ ಕೊಟ್ಟರು ಅಂತ. ಅಂವ ಅಷ್ಟ ಉದ್ದ ಬರಿಯೂ ಮಗ ಅಲ್ಲ. ಅವಗ ಅಕ್ಷರ ತಿದ್ದಿಸಿದಾಂವ ನಾನು, ನನಗ ಗೊತ್ತಿಲ್ಲೇನು? ನೀ ನನ್ನ ಸಲುವಾಗಿ ಹೇಳಿದಿ, ನಾ ನಿನ್ನ ಸಲುವಾಗಿ ಹೇಳಿದೆ" ಅಂದರು.

ಹೌದ್ರಿ. ನಾ ಕೂಡಿಸಿ ಓದತಿದ್ದೆ. ಹೆಡ್ ಕ್ಲಾರ್ಕ ಅಂದಾಕಿ ನಾನ. ನಿಮ್ಮ ಅವ್ವ ಸತ್ತ ಮ್ಯಾಲ ಅವರು ಬಾಯಿ ಬಿಡತಿದ್ದಿಲ್ಲ, ನಿಮ್ಮ ಪತ್ರ ಬಂದ ದಿನ ಅಷ್ಟ ಮಾತಾಡತಿದ್ದರು. ನಿಮ್ಮ ಪತ್ರದಾಗ ನೋಡಿದರ ಎರಡು ಸಾಲು, ಅದರಾಗ ಒಂದು ಸಾಲು ಕೋಟು. ಏನ ಓದಲಿ?

ಆದರ ನೀವು? ನಿಮ್ಮ ಹೆಂಡತಿಗೆ ಹೇಳಾಕ ಏನ ಧಾಡಿ ಆಗಿತ್ತು? ಆ ಬಿಸಲಾಗ ನಿಮ್ಮನ್ನ ಹಂಗ ಹಿಡದು ತಿರಗಿಸ್ತಾರ ಅಂತ ಕೇಳಿ ನನ್ನ ಕರಳು ಕಿತ್ತ ಬಂತು. ಬಿಟ್ಟ ಬರ್ರಿ ಅದನ್ನ. ಇಲ್ಲಿ ಬಂದು ಬಾಳಕೃಷ್ಣನ ಅಂಗಡಿಯಾಗ ಅರಿವಿ ಹರೀರಿ, ಸಾಕು.

ಕಾಶವ್ವ


ಪುಣೆ, ಲಷ್ಕರ
10 ಜೂನ್ 1936

ಕಾಶವ್ವ,

ನಿನ್ನ ಪತ್ರ ಓದಿ ಉಣ್ಣದನ ಹೊದ್ದು ಮಲಗಿದೆ. ಪ್ರಲ್ಹಾದ ಊರಾಗ ಯಾರರೆ ಹೋದರೇನಂತ ಕೇಳಿದ.

ನೆಟ್ಟಗ ಹೇಳತೀನಿ. ಗುಮಾಸ್ತನ ಕೆಲಸ ಅದ ಅಂತ ಕೇಳಿ ಆ ಅಂಗಡಿಗೆ ಹೋದಾಗ ಜಾಗಾ ತುಂಬಿತ್ತು. ಹೊಂಟು ನಿಂತಿದ್ದೆ. ಪಾರಸೀ ಸೇಠಜಿ ನನ್ನ ಕೆಳಗ ಮ್ಯಾಲ ನೋಡಿ ಒಂದು ಕೋಟು ಕೊಟ್ಟ, ಹಾಕ್ಕೋ ಅಂದ. ವಿಲಾಯತಿಯಿಂದ ಹೊಲಿದ ಬಂದ ಕೋಟು, ಒಂದು ಹೊಲಿಗಿ ಬಿಚ್ಚದನ ನನ್ನ ಮೈಗೆ ಕುಂತಿತು. ಅಂದಿನಿಂದ ಅದ ನನ್ನ ಕೆಲಸ. ಕೋಟು ಮೊಳಿಗೆ ನೇತಹಾಕಿದರ ಗಿರಾಕಿಗೆ ತಿಳಿಯೂದಿಲ್ಲ. ಮನಶ್ಯಾನ ಮ್ಯಾಲ ನೋಡಬೇಕು. ಮುಂದಿನ ಕಾಲದ್ದನ್ನ ಈಗ ಕೊಳ್ಳತಾರ, ಅದಕ್ಕ ಥಂಡಿಯೊಳಗ ನನಗ ಡ್ರಿಲ್, ವೈಶಾಖದಾಗ ಉಣ್ಣಿ. ಈಗ ಮಳಿಗಾಲಕ್ಕ ಗವರ್ನರ್ ಸಾಹೇಬರು ಮುಂಬೈ ಬಿಟ್ಟು ಇಲ್ಲಿ ಬರತಾರ, ಕುದರಿ ರೇಸು ನಡೀತಾವ. ನನ್ನ ಮ್ಯಾಲ ಬೂದಿ ಬಣ್ಣದ ಫ್ಲಾನಲ್ ಅದ. ತಿಂಗಳಿಗೊಮ್ಮೆ ಟೇಪ ಹಿಡದು ನನ್ನ ಹೊಟ್ಟಿ ಅಳೀತಾರ, ಒಂದು ಗುಂಡಿ ಬಿಗಿ ಆದರ ಕೆಲಸ ಹೋತು. ನಿನ್ನ ಕರದಂಟು ನಾ ತಿನ್ನದ ಇದ್ದದ್ದು ಯಾಕಂತ ಈಗರೆ ತಿಳೀತೇನು? ಪ್ರಲ್ಹಾದ ತಿನ್ನುವಾಗ ನಾ ಹೊರಗ ಹೋಗಿ ನಿಂದರತಿದ್ದೆ.

ಆದರ ಒಂದು ಮಾತು. ನಿನ್ನ "ಅಯ್ಯೋ" ನನಗ ಬ್ಯಾಡ. ಬಿಟ್ಟ ಬರ್ರಿ ಅಂತ ನೀ ಬರದದ್ದು ಓದಿ ಅಪ್ಪ ನೋಡಿದ್ದಕ್ಕಿಂತ ಹೆಚ್ಚು ನಾಚಿಗಿ ಆತು. ನನಗ ಈ ಕೆಲಸ ಕೆಟ್ಟ ಅನ್ಸೂದಿಲ್ಲ. ಸೊಂಟ ನೆಟ್ಟಗ ಮಾಡಿ ಹ್ಯಾಂಗ ನಿಂದರಬೇಕು, ಯಾವ ಅರಿವಿ ಯಾವ ಬೆಳಕಿನಾಗ ಎದ್ದ ಕಾಣತದ, ಎಲ್ಲಾ ಕಲತೀನಿ. ಕೆಲವು ಗಿರಾಕಿ ನನ್ನನ್ನ ಕೇಳತಾರ, ಮಹಾಬಳೇಶ್ವರಕ್ಕ ಇದು ನಡೀತದೇನು, ತೋಯ್ದರ ಇದು ಕುಗ್ಗತದೇನು ಅಂತ. ಹೇಳತೀನಿ. ಆ ಹೊತ್ತಿನಾಗ ನಾನು ನಾನ ಇರತೀನಿ. ಗೋಕಾಕ ನೆನಪಾದಾಗ ಅಷ್ಟ ತಲಿ ತಗ್ಗತದ. ಮಾಸ್ತರರ ಮಗ ಕೋಟಿನ ಗೊಂಬಿ ಆದ ಅಂತಾರಲ್ಲ ಅಂತ. ನೀ ಇಲ್ಲಿಗೆ ಬಂದರ ಎಲ್ಲಾ ಹೊರಗ ಬೀಳತದಂತ ಕಾಲ ಕಾಲ ಮುಂದ ಹಾಕಿದೆ. ಅದು ಖರೆ ತಪ್ಪು.

ನಿನ್ನೆ ಒಬ್ಬ ಲಾಳಗಾಲಿನ ಸಾಹೇಬ ಬಂದ. ಸೇಠನ ಜೋಡಿ ಮಾತಾಡಕೋತನ ನನ್ನ ಹೆಗಲ ಹಿಡದು ತಿರಗಿಸಾಕ ಹೋದ. ನನಗ ಗಿಡದ ಬುಡಕ ನಿಂತ ಅಪ್ಪ ಕಂಡಂಗಾತು. "ಸಾಹೇಬ, ಹೇಳ್ರಿ, ನಾನ ತಿರಗತೀನಿ" ಅಂದೆ ಇಂಗ್ಲಿಷಿನಾಗ. ಸಾಹೇಬ ಕೈ ಹಿಂದ ತಗೊಂಡು, ಸಾರಿ ಅಂದು, ಆ ಕೋಟು ಬಿಟ್ಟು ಬ್ಯಾರೇದ್ದ ತಗೊಂಡು ಹೋದ. ಸೇಠಜಿ ಸಂಜಿಕೆ ಕದಾ ಹಾಕುವಾಗ ಮರಾಠಿಯಾಗ, "ನಾಳಿಂದ ಕೈ ಹಚ್ಚಬ್ಯಾಡ್ರಿ ಅಂತ ಬೋರ್ಡ ಬರಸಲೇನು ಶಿವಪುತ್ರಪ್ಪಾ?" ಅಂದ. "ಬರಸ್ರಿ" ಅಂದೆ. ಇಂದ ಮುಂಜಾನೆ ಹೋದೆ, ಕೋಟು ಕೊಟ್ಟ, ಹಾಕ್ಕೊಂಡೆ.

ಈ ಪತ್ರ ಅಪ್ಪಗ ಓದಿ ಹೇಳು. ಒಂದು ಅಕ್ಷರ ಕೂಡಿಸಿದರ ನನ್ನ ಆಣಿ ಅದ.

ಶಿವಪುತ್ರಪ್ಪ


ಗೋಕಾಕ
21 ಜೂನ್ 1936

ಯಜಮಾನರಿಗೆ,

ಓದಿದೆ. ಕೂಡಿಸಲಿಲ್ಲ, ಕಳೀಲೂ ಇಲ್ಲ. ನಡುವ ನಾ ಲಗೂ ಲಗೂ ಓದಾಕ ಹತ್ತಿದೆ, ಆವಾಗ ಮಾವನವರು "ಸಾವಕಾಶ ಓದು, ಗಾಡಿ ತಪ್ಪಿ ಹೋಗೂದಿಲ್ಲ" ಅಂದರು. ಸಾಹೇಬನ ಮಾತು ಬಂದಲ್ಲೆ ಹೊಳ್ಳಿ ಓದಿಸಿದರು. ಮುಗದ ಮ್ಯಾಲ "ಅವಗ ಬರಿ, ಯಾವ ಕೋಟರೆ ಹಾಕ್ಕೋಲಿ, ನೀರು ಹೆಚ್ಚಿಗಿ ಕುಡೀಲಿ ಅಂತ" ಅಂದರು. ಅಷ್ಟ.

ಮರುದಿನ ಹಜಾಮನ ಹತ್ತರ ಯಾರೋ "ಏನ ಮಾಸ್ತರ್ರ, ಹೆಡ್ ಕ್ಲಾರ್ಕ ಸಾಹೇಬರು ಹ್ಯಾಂಗದಾರ?" ಅಂತ ಕೇಳಿದರಂತ. "ಅಂವ ಕ್ಲಾರ್ಕ ಅಲ್ಲ, ಅಂಗಡಿಯಾಗ ಅದಾನ. ಕೋಟು ಹಾಕ್ಕೊಂಡು ಗಿರಾಕಿಗೆ ತೋರಸ್ತಾನ" ಅಂದರಂತ. ಕುಂತವರು ನಕ್ಕರಂತ. ಮಾವನವರು ಗಡ್ಡ ಪೂರ್ತಿ ಮಾಡಿಸಿಕೊಂಡ ಎದ್ದ ಬಂದರು. ಭೀಮವ್ವ ಅತ್ತಿ ಮಾತ್ರ ಇನ್ನೂ ನಂಬವಲ್ಲರು. "ಬರೇ ನಿಂತದ್ದಕ್ಕ ಪಗಾರ ಕೊಡತಾರ ಅಂದ್ರ ನನ್ನನ್ನೂ ಕರಕೊಂಡು ಹೋಗವಾ" ಅಂತಾರ.

ಬಿಟ್ಟ ಬರ್ರಿ ಅಂದದ್ದು ತಪ್ಪಾತು. ಆದರ ನಿಮಗ ನಾಚಿಗಿ ಆತಂತ ನನ್ನನ್ನ ಎರಡು ವರ್ಷ ಇಲ್ಲಿ ಕೂಡ್ರಿಸಿದಿರಲ್ಲ, ಅದನ್ನ ನಾ ಇಷ್ಟಕ್ಕ ಬಿಡೂದಿಲ್ಲ. ಆ ಜಗಳ ಕಾಗದದಾಗ ಹಿಡಿಯೂದಿಲ್ಲ. ನೀವು ಒಂದು ಬರೀತೀರಿ, ನಾ ಒಂದು ತಿಳಕೋತೀನಿ, ನಡುವ ಮಾವನವರು ಧರ್ಮಶಾಲಿಯಾಗ ಮಲಗತಾರ. ಸಾಕಾಗೇದ ನನಗ.

ಬರೂ ಬುಧವಾರದ ಗಾಡಿಗೆ ಮಾವನವರು, ನಾನು ಹೊಂಡತೀವಿ. ಖೋಲಿ ಸಿಕ್ಕರ ಸಿಗಲಿ, ಸಿಗದಿದ್ದರ ಯಾವದರೆ ಮಠದ ಪಡಸಾಲಿಯಾಗ ಒಲಿ ಹೂಡತೀನಿ. ಇದಕ್ಕ ಉತ್ತರ ಬರೀಬ್ಯಾಡ್ರಿ, ಬರದರೂ ನಾ ಓದಾಕ ಇಲ್ಲಿ ಇರೂದಿಲ್ಲ. ಏನ ಹೇಳೂದಿದ್ದರೂ ನನ್ನ ಮಾರಿ ನೋಡಿ ಹೇಳ್ರಿ.

ಕಾಶವ್ವ